ಮೊಲದ ರೊಟ್ಟಿಯಲ್ಲಿ ನನ್ನ ಪಾಲು

ನಾನು ಹೊಟ್ಟೆಕಿಚ್ಚಿನ ಹುಡುಗಿಯಾಗಿದ್ದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಬಾಲ್ಯದ ನೆನಪು ಬರೆಯುವವರೆಲ್ಲ ತಾವು ಎಷ್ಟು ಮುಗ್ಧರಾಗಿದ್ದೆವು ಎಂದು ಬರೆಯುತ್ತಾರೆ. ಓದುವಾಗ ನನಗೆ ಅವರ ಮೇಲೂ ಹೊಟ್ಟೆಕಿಚ್ಚಾಗುತ್ತದೆ. ನಾನು ಮುಗ್ಧಳಾಗಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ, ಡಬ್ಲಿನ್ನಿನ ಕ್ಯಾಸಲ್‌ನಾಕ್‌ನ ಒಂದು ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು, ಆರು ವರ್ಷದ ಒಂದು ಮಗುವಿನ ಮೇಲೆ ನಾನು ಹಾಕಿದ ಶಾಪಗಳನ್ನು ಇಲ್ಲಿ ಬರೆಯುವಂತಿಲ್ಲ. ಆಟದ ಸಾಮಾನಿಗಾಗಿ ಅಲ್ಲ, ಬಟ್ಟೆಗಾಗಿ ಅಲ್ಲ. ತಣ್ಣನೆಯ ಅರ್ಧ ಚಪಾತಿಗಾಗಿ.

ಅಪ್ಪನ ಊಟದ ಡಬ್ಬಿ ಎರಡಂತಸ್ತಿನದು, ಸ್ಟೀಲಿನದು. ಮುಚ್ಚಳದ ಮೇಲೆ ಅಮ್ಮನ ತವರಿನವರ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದರು. ಮೈಸೂರಿನಲ್ಲಿ ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದಾಗಲೂ ಅದೇ ಡಬ್ಬಿ. ಸಂಜೆ ಅವರು ಸೈಕಲ್ಲು ನಿಲ್ಲಿಸುವಷ್ಟರಲ್ಲಿ ನಾನು ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಿಂದ ಡಬ್ಬಿ ಕಸಿದುಕೊಂಡು ಜಗಲಿಯ ಮೇಲೆ ಬಿಚ್ಚುತ್ತಿದ್ದೆ. ಮೇಲಿನ ಅಂತಸ್ತಿನಲ್ಲಿ ಅರ್ಧ ಚಪಾತಿ, ಒಳಗೆ ಒಂದಿಷ್ಟು ಪಲ್ಯ ಇಟ್ಟು ಸುತ್ತಿದ್ದು, ಇರುತ್ತಿತ್ತು. ಇಡೀ ದಿನ ಮುಚ್ಚಿಟ್ಟದ್ದರಿಂದ ಮೆತ್ತಗಾಗಿ, ಸ್ಟೀಲಿನ ವಾಸನೆ ಹತ್ತಿ, ಎಣ್ಣೆ ಚಪಾತಿಗೆ ಇಳಿದು, ಅದಕ್ಕೊಂದು ಬೇರೆಯೇ ರುಚಿ. ಅದೇ ಚಪಾತಿ, ಅದೇ ಪಲ್ಯ ಅಡುಗೆಮನೆಯಲ್ಲಿ ಬಿಸಿಯಾಗಿ ಇದ್ದರೂ ನನಗೆ ಬೇಡ. ಅಮ್ಮನಿಗೆ ಇದು ಕಂಡರಾಗುತ್ತಿರಲಿಲ್ಲ.

"ಊರೆಲ್ಲ ಸುತ್ತಿ ಬಂದ ಎಂಜಲು ಡಬ್ಬಿ. ಅದನ್ನ ಮಗೂಗೆ ತಿನ್ನಿಸ್ತೀರಲ್ಲ, ಏನನ್ನಬೇಕು ನಿಮಗೆ?"

"ಎಂಜಲಲ್ಲ ಕಣೇ. ನಾನು ಬಾಯಿಗಿಡೋಕೆ ಮುಂಚೆನೇ ತೆಗೆದಿಟ್ಟಿದ್ದು."

"ಎಂಜಲಲ್ದಿದ್ರೆ ತಂಗಳು."

"ಬೆಳಗ್ಗೆ ಮಾಡಿದ್ದು ಸಾಯಂಕಾಲಕ್ಕೆ ತಂಗಳಾಗತ್ತಾ? ಸುಮ್ನಿರು, ತಿಂದ್ಕೊಳ್ಳಿ ಪುಟ್ಟಿ."

ಅಪ್ಪ ಹೇಳಿದ್ದು ನಿಜ. ಸ್ಟಾಫ್ ರೂಮಿನಲ್ಲಿ ಕೈತೊಳೆದು ಡಬ್ಬಿ ಬಿಚ್ಚಿದವರೇ, ಒಂದು ತುತ್ತನ್ನೂ ಬಾಯಿಗಿಡುವ ಮೊದಲು, ಒಂದು ಚಪಾತಿಯನ್ನು ಎರಡಾಗಿ ಹರಿದು ನನ್ನ ಅರ್ಧವನ್ನು ಮೇಲಿನ ಅಂತಸ್ತಿಗೆ ಹಾಕಿ ಮುಚ್ಚಿಬಿಡುತ್ತಿದ್ದರಂತೆ. ಜೊತೆಯ ಮೇಷ್ಟ್ರುಗಳು ಗೇಲಿ ಮಾಡುತ್ತಿದ್ದರಂತೆ. ಆ ತುಂಡಿಗೆ ನಮ್ಮಲ್ಲಿ ಹೆಸರೇ ಇರಲಿಲ್ಲ. ಹೆಸರು ಯಾಕೆ ಬೇಕು? ನನ್ನದು, ಅಷ್ಟೇ.

ಅಮ್ಮನಿಗೆ ಡಬ್ಲಿನ್ನಿನ ಬ್ಯೂಮಾಂಟ್ ಕಡೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ ಮೇಲೆ ನಾವು ಮೂವರೂ ಇಲ್ಲಿಗೆ ಬಂದೆವು. ಡಬ್ಬಿಯೂ ಬಂತು. ಗಣಿತದ ಮೇಷ್ಟ್ರಿಗೆ ಇಲ್ಲಿ ಪಾಠ ಹೇಳುವ ಕೆಲಸ ಸಿಗಲಿಲ್ಲ. ಲೆಪರ್ಡ್ಸ್‌ಟೌನ್‌ನ ಒಂದು ದೊಡ್ಡ ಆಫೀಸಿನಲ್ಲಿ ಬಂದ ಪಾರ್ಸೆಲ್ಲುಗಳನ್ನು ವಿಂಗಡಿಸಿ ಮಹಡಿ ಮಹಡಿಗೆ ತಲುಪಿಸುವ ಕೆಲಸ ಸಿಕ್ಕಿತು. ಊರಿನ ಈ ತುದಿಯಿಂದ ಆ ತುದಿಗೆ, ಎರಡು ಬಸ್ಸು. ನಾವಿದ್ದದ್ದು ಹಿಲ್ಡಾ ಅಜ್ಜಿಯ ಮನೆಯ ಮೇಲಿನ ಎರಡು ಕೋಣೆಗಳಲ್ಲಿ. ಹಿಲ್ಡಾ ಅಜ್ಜಿ ಜರ್ಮನಿಯವರು. ಹರೆಯದಲ್ಲಿ ಇಲ್ಲಿಯವನೊಬ್ಬನನ್ನು ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಎತ್ತರದ ಹೆಂಗಸು, ಗಂಟುಮೋರೆ, ಸೊಂಟಕ್ಕೆ ಯಾವಾಗಲೂ ನೀಲಿ ಏಪ್ರನ್ನು. ಕಪ್ಪು ಬ್ರೆಡ್ಡಿನ ಉಂಡೆಯನ್ನು ಎದೆಗೆ ಅವಚಿಕೊಂಡು ಚಾಕುವನ್ನು ತನ್ನ ಕಡೆಗೇ ಎಳೆದು ಹಾಳೆಯಷ್ಟು ತೆಳ್ಳಗೆ ಕೊಯ್ಯುತ್ತಿದ್ದರು. ನಾನು ಪ್ರತಿಸಲವೂ ರಕ್ತ ಬರುತ್ತದೆಂದು ಕಾಯುತ್ತಿದ್ದೆ, ಬರುತ್ತಿರಲಿಲ್ಲ. ಅಡುಗೆಮನೆ ಒಂದೇ. ಕಪಾಟಿನ ಎಡಗಡೆ ಅವರದು, ಬಲಗಡೆ ನಮ್ಮದು. ಇಂಗಿನ ಡಬ್ಬಿಗೆ ಮಾತ್ರ ಎರಡೂ ಕಡೆ ಪ್ರವೇಶವಿಲ್ಲ, ಅದು ಹಿತ್ತಲ ಶೆಡ್ಡಿನಲ್ಲಿ. ಅಮ್ಮ ಬೇಳೆ ಬೇಯಿಸಿ, ಒಗ್ಗರಣೆಗೆ ಇಂಗು ತರಲು ಛತ್ರಿ ಹಿಡಿದು ಹೋಗುತ್ತಿದ್ದಳು.

ಅಮ್ಮನ ಶಿಫ್ಟಿನಿಂದಾಗಿ ಸ್ಕೂಲು ಬಿಟ್ಟ ಮೇಲೆ ನನ್ನನ್ನು ನೋಡಿಕೊಳ್ಳುವವರು ಹಿಲ್ಡಾ ಅಜ್ಜಿಯೇ. ಅವರ ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಮೊಮ್ಮಗಳು ಲೇನಾಳೂ ಅಲ್ಲೇ. ಲೇನಾ ನನಗಿಂತ ಮೂರು ವರ್ಷ ಚಿಕ್ಕವಳು, ಮುಂದಿನ ಎರಡು ಹಲ್ಲಿರಲಿಲ್ಲ, ಎಲ್ಲದಕ್ಕೂ ಇಲ್ಲಿಯವರ ಹಾಗೆ 'ಗ್ರ್ಯಾಂಡ್', ಅಂದರೆ ಚೆನ್ನಾಗಿದೆ, ಎನ್ನುತ್ತಿದ್ದಳು. ಅವಳಪ್ಪ ಅವಳಿಗೆ ಎರಡು ವರ್ಷವಿದ್ದಾಗಲೇ ಮನೆ ಬಿಟ್ಟು ಹೋಗಿದ್ದ. ಅದನ್ನು ಅಮ್ಮ ನನಗೆ ಮೊದಲನೇ ವಾರವೇ ಹೇಳಿ, ಆ ಮಗುವಿನ ಹತ್ತಿರ ಅಪ್ಪ ಅಪ್ಪ ಅಂತ ಜಂಬ ಕೊಚ್ಚಬೇಡ ಎಂದಿದ್ದಳು. ನಾನು ಕೊಚ್ಚಿದೆ. ಸಂಜೆ ಆರೂವರೆಗೆ ಕೆಳಗಿನಿಂದ ಮೂರನೆಯ ಮೆಟ್ಟಿಲ ಮೇಲೆ ಕೂತು, ಮುಂಬಾಗಿಲಿನ ಬಣ್ಣದ ಗಾಜಿನಲ್ಲಿ ಅಪ್ಪನ ನೆರಳು ಕಂಡ ಕೂಡಲೇ 'ನಮ್ಮಪ್ಪ ಬಂದ್ರು' ಎಂದು ಮನೆಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಕೋಟು ಬಿಚ್ಚುವ ಮೊದಲು ಅಪ್ಪ ಡಬ್ಬಿ ಕೊಡುತ್ತಿದ್ದರು. ನಾನು ಅಲ್ಲೇ ಕೂತು ತಿನ್ನುತ್ತಿದ್ದೆ.

ಒಂದು ಸಂಜೆ ಹಿಲ್ಡಾ ಅಜ್ಜಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಇದನ್ನು ನೋಡಿದರು. ಚೂರು ಬೀಳಿಸುತ್ತೀಯ ಎಂದು ಬೈಯುತ್ತಾರೆಂದುಕೊಂಡೆ. ಅವರು ಹಾಗೇ ನಿಂತರು. ಅವರ ಇಂಗ್ಲಿಷನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಅದು ಬೆಳಗ್ಗೆ ಇಲ್ಲಿಂದ ಹೋದದ್ದಾ? ಹೋಗಿ ವಾಪಸ್ ಬಂತಾ?"

ಅಪ್ಪ ಗಾಬರಿಯಾಗಿ, ಹೌದು, ಮಗಳಿಗೆ ಇಷ್ಟ ಅಂತ, ಎಂದು ತಡವರಿಸಿದರು.

"ಹಾಜೆನ್‌ಬ್ರೋಟ್!" ಎಂದರು ಹಿಲ್ಡಾ ಅಜ್ಜಿ. "ದೇವರೇ, ಈ ಮಾತನ್ನ ನಾನು ಬಾಯಲ್ಲಿ ಆಡಿ ಎಷ್ಟು ವರ್ಷ ಆಯ್ತು!"

ಅವರು ಮೆಟ್ಟಿಲ ಮೇಲೆ, ನನ್ನ ಪಕ್ಕ, ಕೂತೇಬಿಟ್ಟರು. ಹಾಜೆ ಎಂದರೆ ಮೊಲ, ಬ್ರೋಟ್ ಎಂದರೆ ಬ್ರೆಡ್ಡು, ರೊಟ್ಟಿ. ಅವರಪ್ಪ ರೈಲ್ವೆ ಹಳಿ ರಿಪೇರಿಯವರು. ಮಧ್ಯಾಹ್ನಕ್ಕೆಂದು ಕಟ್ಟಿಕೊಂಡು ಹೋದ ಬ್ರೆಡ್ಡಿನಲ್ಲಿ ಒಂದು ತುಂಡು ದಿನಾ ಸಂಜೆ ಜೇಬಿನಿಂದ ಹೊರಬರುತ್ತಿತ್ತಂತೆ, ಒಣಗಿ ಮುದುರಿ. ಎಲ್ಲಿಂದ ಬಂತು ಎಂದು ಮಕ್ಕಳು ಕೇಳಬೇಕು, ದಾರಿಯಲ್ಲಿ ಮೊಲ ಸಿಕ್ಕಿತು, ಅದು ಕೊಟ್ಟಿತು ಎಂದು ಅವರು ಹೇಳಬೇಕು. ಮೊಲ ಯಾಕೆ ಕೊಡುತ್ತದೆ ಎಂಬುದಕ್ಕೆ ಮನೆಗೊಂದು ಕತೆ. ಮೊಲದ ಬಾಲಕ್ಕೆ ಉಪ್ಪು ಹಾಕಿದರೆ ಅದು ಓಡಲಾರದೆ ತನ್ನ ಬುತ್ತಿ ಬಿಟ್ಟುಕೊಡುತ್ತದೆ ಎನ್ನುವುದು ಅವರಮ್ಮನ ಕಡೆಯ ಕತೆ. ಮನುಷ್ಯನನ್ನು ಕಂಡು ಹೆದರಿ ಓಡುವಾಗ ಬೀಳಿಸಿಕೊಂಡು ಹೋಗುತ್ತದೆ ಎನ್ನುವುದು ಅಪ್ಪನ ಕಡೆಯದು. ಈಗ ಜರ್ಮನಿಯಲ್ಲಿ ಈ ಮಾತು ಅಜ್ಜ ಅಜ್ಜಿಯರ ಬಾಯಲ್ಲಷ್ಟೇ ಉಳಿದಿದೆ, ಹುಡುಗರಿಗೆ ಹೇಳಿದರೆ ಮೊಲಕ್ಕೆ ಹಾಕುವ ಆಹಾರವಾ ಎಂದು ಕೇಳುತ್ತಾರೆ ಎಂದು ಮುಖ ಸಿಂಡರಿಸಿದರು. ಆಮೇಲೆ ಬೆರಳೆತ್ತಿ ಒಂದು ನಿಯಮ ಹೇಳಿದರು. ಮನೆಯಲ್ಲೇ ಇದ್ದ ರೊಟ್ಟಿ ಎಷ್ಟು ಚೆನ್ನಾಗಿದ್ದರೂ ಹಾಜೆನ್‌ಬ್ರೋಟ್ ಆಗುವುದಿಲ್ಲ. ಅದು ಹೊರಗೆ ಹೋಗಿರಬೇಕು, ತಿನ್ನಬಹುದಾಗಿದ್ದವರು ತಿನ್ನದೆ ಅದನ್ನು ವಾಪಸ್ಸು ತಂದಿರಬೇಕು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಮೈಸೂರಿನಿಂದ ತಿಂದುಕೊಂಡು ಬಂದ ನಮ್ಮ ಅರ್ಧ ಚಪಾತಿಗೆ ಜರ್ಮನ್ ಹೆಸರು ಬಂದ ಗಳಿಗೆಯಿಂದ ಅದಕ್ಕೆಲ್ಲಿಲ್ಲದ ಮರ್ಯಾದೆ. ಎಂಜಲು, ತಂಗಳು ಎನ್ನುತ್ತಿದ್ದ ಅಮ್ಮ ಕೂಡ ಆಸ್ಪತ್ರೆಯಲ್ಲಿ ಜೊತೆಯವರಿಗೆ ಇದನ್ನು ಹೇಳಿಕೊಂಡು ಬಂದಳು. ಅಪ್ಪ ಅದಕ್ಕೆ ಮೊಲದ ರೊಟ್ಟಿ ಎಂದು ಕನ್ನಡ ಮಾಡಿದರು. ನನಗೆ ಮಾತ್ರ ಆ ಹೆಸರು ಕೇಳಿದ ಕೂಡಲೇ ಒಳಗೊಳಗೇ ಉರಿಯಿತು. ಹೆಸರಿಲ್ಲದಿದ್ದಾಗ ಅದು ನನ್ನ ಅಪ್ಪನಿಗೂ ನನಗೂ ಇದ್ದದ್ದು. ಹೆಸರಿರುವುದನ್ನು ಯಾರು ಬೇಕಾದರೂ ಕೇಳಬಹುದು. ಲೇನಾ ಆ ಸಂಜೆಯೇ ಕೇಳಿದಳು.

"ಮೊಲ ನನಗೂ ಕೊಟ್ಟಿದೆಯಾ?"

ಅಪ್ಪ ನನ್ನ ಕೈಯಲ್ಲಿದ್ದ ತುಂಡಿನಿಂದ, ನನ್ನ ಕೈಯಿಂದ, ಮುರಿದು ಅವಳಿಗೆ ಕೊಟ್ಟರು.

ಮಾರನೆಯ ದಿನದಿಂದ ಶುರುವಾಯಿತು ನೋಡಿ. ಮೂರನೆಯ ಮೆಟ್ಟಿಲ ಮೇಲೆ ನಾನು ಕೂರುವಷ್ಟರಲ್ಲಿ ಎರಡನೆಯದರ ಮೇಲೆ ಲೇನಾ. ಬಾಗಿಲು ತೆರೆದ ಕೂಡಲೇ 'ಮೊಲ ಸಿಕ್ಕಿತಾ' ಎಂದು ಅವಳು, 'ಸಿಕ್ಕಿತು' ಎಂದು ಅಪ್ಪ. ಫೀನಿಕ್ಸ್ ಪಾರ್ಕಿನ ಗೇಟಿನ ಹತ್ತಿರ ಸಿಕ್ಕಿತು, ಬಸ್ಸಿನ ಮೇಲಿನ ಡೆಕ್ಕಿನಲ್ಲಿ ಕೂತಿತ್ತು, ಛತ್ರಿ ಮರೆತು ಬಂದು ನೆನೆದು ತೊಪ್ಪೆಯಾಗಿತ್ತು. ದಿನಕ್ಕೊಂದು ಕತೆ! ಒಂಬತ್ತು ವರ್ಷ ಈ ಮನುಷ್ಯನ ಮಗಳಾಗಿದ್ದವಳು ನಾನು. ನನಗೆ ಗುಣಾಕಾರದ ಮಗ್ಗಿ ಬಿಟ್ಟು ಬೇರೇನನ್ನೂ ಹೇಳಿದವರಲ್ಲ. ಪಾರ್ಕಿನಲ್ಲಿ ಇರುವುದು ಜಿಂಕೆ, ಮೊಲ ಬಸ್ಸು ಹತ್ತುವುದಿಲ್ಲ, ಇದೆಲ್ಲ ಸುಳ್ಳು ಎಂದು ಒಂದು ದಿನ ಲೇನಾಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದೆ. ಅಳುತ್ತಾಳೆಂದು ಕಾದೆ.

"ಗೊತ್ತು ನನಗೆ," ಎಂದಳು ಹಲ್ಲಿಲ್ಲದ ಬಾಯಲ್ಲಿ. "ಆದ್ರೂ ನಿಮ್ಮಪ್ಪ ಹೇಳ್ತಾರಲ್ಲ, ಅದು ಗ್ರ್ಯಾಂಡ್."

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ದಿನ ಹೋದ ಹಾಗೆ ಅವಳ ಚೂರು ದೊಡ್ಡದಾಯಿತು, ನನ್ನದು ಚಿಕ್ಕದಾಯಿತು. ನೀನು ದೊಡ್ಡವಳಲ್ವಾ ಎಂದರು ಅಪ್ಪ ಒಂದು ದಿನ. ಅದನ್ನೂ ನುಂಗಿಕೊಂಡೆ. ಆಮೇಲೊಂದು ಸಂಜೆ ಲೇನಾ ಓಡಿಬಂದು ಜಾರಿ ಬಿದ್ದಳು. ಅಪ್ಪ ಡಬ್ಬಿ ಬಿಸಾಡಿ ಅವಳನ್ನು ಎತ್ತಿಕೊಂಡು, ಮಂಡಿ ಉಜ್ಜುತ್ತ, 'ಏನಾಗಿಲ್ಲ ಪುಟ್ಟಿ, ಏನಾಗಿಲ್ಲ' ಎಂದರು.

ಪುಟ್ಟಿ ನಾನು. ಪುಟ್ಟಿ ಎಂದರೆ ಸಿಂಧು. ಆ ಹೆಸರನ್ನು ಭೂಮಿಯ ಮೇಲೆ ಇನ್ನೊಬ್ಬರಿಗೆ ಇಡಲು ಅಪ್ಪನಿಗೆ ಹೇಗೆ ಮನಸ್ಸು ಬಂತು! ಎದ್ದು ನಿಂತೆ.

"ನಂಗೆ ಬೇಡ! ನಿಮ್ಮ ಮೊಲದ ರೊಟ್ಟಿ ನಂಗೆ ಬೇಡ. ಅವಳಿಗೇ ಕೊಟ್ಕೊಳ್ಳಿ!"

ಮೇಲೆ ಓಡಿಹೋಗಿ ಬಾಗಿಲು ದಡಾರನೆ ಹಾಕಿಕೊಂಡೆ. ಅಪ್ಪ ಬಂದು ಬಾಗಿಲು ತಟ್ಟುತ್ತಾರೆ, ಸಮಾಧಾನ ಮಾಡುತ್ತಾರೆ, ನಾಲ್ಕು ಸಲ ಬೇಡ ಅಂದು ಐದನೇ ಸಲಕ್ಕೆ ತೆಗೆದುಕೊಳ್ಳೋಣ ಎಂದು ಲೆಕ್ಕ ಹಾಕಿದ್ದೆ. ಅವರು ಬಾಗಿಲ ತನಕ ಬಂದು, ಸ್ವಲ್ಪ ನಿಂತು, ಇಳಿದುಹೋದರು. ಅಪ್ಪ ಯಾರನ್ನೂ ಎರಡು ಸಲ ಕೇಳುವವರಲ್ಲ. ಒಬ್ಬರು ಬೇಡ ಎಂದರೆ ಬೇಡ ಎಂದೇ ಅರ್ಥ ಮಾಡಿಕೊಳ್ಳುವ ಜಾತಿ.

ಅಂದಿನಿಂದ ನಾನು ಆರೂವರೆಗೆ ಮೆಟ್ಟಿಲ ಮೇಲಲ್ಲ, ಮಹಡಿಯ ಮೇಲಿನ ಕಟಕಟೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿ ಕಂಬಿಗಳ ನಡುವಿನಿಂದ ನೋಡುತ್ತಿದ್ದೆ. ಕಾಣುತ್ತಿದ್ದದ್ದು ಹೆಚ್ಚಾಗಿ ಅಪ್ಪನ ಬೆನ್ನು. ಮೊದಲು ಲೇನಾಳನ್ನು ಏನೋ ಕೇಳುತ್ತಿದ್ದರು. ಅವಳು ತಲೆಯಾಡಿಸಿ 'ಬೇಡ' ಎನ್ನುತ್ತಿದ್ದಳು, ಕನ್ನಡದಲ್ಲಿ! ನನ್ನಿಂದ ಕಲಿತ ಮಾತು. ಬೇಡ ಅಂದವಳು ಆಮೇಲೆ ಕೈಯನ್ನೂ ಒಡ್ಡುತ್ತಿದ್ದಳು, ಕಳ್ಳಿ. ಅಪ್ಪ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿ, ತುಂಡನ್ನು ಅವಳ ಕೈಯಲ್ಲಿಟ್ಟು ಅಡುಗೆಮನೆಗೆ ಹೋಗುತ್ತಿದ್ದರು. ಅವಳು ಮೆಟ್ಟಿಲ ಕೆಳಗೆ ಕೋಟು ನೇತುಹಾಕುವ ಸಂದಿಯಲ್ಲಿ ಗೋಡೆಗೆ ಮುಖಮಾಡಿ ನಿಂತು ತಿನ್ನುತ್ತಿದ್ದಳು. ಆ ಗುಟ್ಟಿನ ಮಾತು ಏನಿರಬಹುದು? ಮೊಲದ ಕತೆಯಾಗಿದ್ದರೆ ಗಟ್ಟಿಯಾಗಿ ಹೇಳುತ್ತಿದ್ದರು. ನೀನೇ ನನ್ನ ಮಗಳು ಎಂದಿರಬಹುದೇ? ಕ್ಲಾಸಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ತಪ್ಪು ಲೆಕ್ಕ ಮಾಡದ ಮೇಷ್ಟ್ರ ಮಗಳು ಭಾಗಾಕಾರವನ್ನೆಲ್ಲ ತಪ್ಪು ಮಾಡಿದಳು.

ನನಗಿಲ್ಲದ್ದು ಅವಳಿಗೂ ಬೇಡ ಎಂದು ತೀರ್ಮಾನಿಸಿದ್ದು ಒಂದು ಸೋಮವಾರ. ಅಮ್ಮ ಬೆಳಗ್ಗೆ ನಾಲ್ಕು ಮೆಂತ್ಯ ಸೊಪ್ಪಿನ ಚಪಾತಿ ಡಬ್ಬಿಗೆ ಹಾಕಿ ಶಿಫ್ಟಿಗೆ ಹೋಗುತ್ತಿದ್ದಳು. ಅಪ್ಪ ಮುಖ ಕ್ಷೌರ ಮಾಡಿಕೊಳ್ಳುವಾಗ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಒಂಟಿಯಾಗಿರುತ್ತಿತ್ತು. ಒಂದು ಚಪಾತಿ ತೆಗೆದು ಸ್ಕೂಲ್ ಬ್ಯಾಗಿಗೆ ಹಾಕಿಕೊಂಡೆ. ಮೂರೇ ಇದ್ದರೆ ಮೂರೂ ತಿನ್ನುತ್ತಾರೆ, ಉಳಿಯುವುದಿಲ್ಲ, ಮೊಲವೂ ಸಿಗುವುದಿಲ್ಲ. ಸ್ಕೂಲಿಂದ ಬಂದವಳೇ ಹಿತ್ತಲಲ್ಲಿ ಹಿಲ್ಡಾ ಅಜ್ಜಿ ಹಕ್ಕಿಗಳಿಗೆ ಕಾಳು ಹಾಕುವ ಹಲಗೆಯ ಮೇಲೆ ಅದನ್ನು ಚೂರು ಮಾಡಿ ಚೆಲ್ಲಿದೆ. ಸಂಜೆ ಕಂಬಿಗಳ ನಡುವಿನಿಂದ ನೋಡಿದರೆ, ಅಪ್ಪನ ಕೈಯಲ್ಲಿ ಅದೇ ಅರ್ಧ ಚಪಾತಿ. ಮಂಗಳವಾರ ಎರಡು ತೆಗೆದೆ. ಸಂಜೆ ಅದೇ ಅರ್ಧ. ನನಗೆ ರೋಷ ಬಂತು. ಬುಧವಾರ ಮೂರು ತೆಗೆದೆ. ಡಬ್ಬಿಯಲ್ಲಿ ಒಂದೇ ಒಂದು. ಸಂಜೆ ಅಪ್ಪ ಬಂದರು, ಡಬ್ಬಿ ಬಿಚ್ಚಿದರು, ಅರ್ಧ ಚಪಾತಿ ತೆಗೆದರು. ಗುರುವಾರವೂ ಮೂರು ತೆಗೆದೆ. ಆ ಸಂಜೆ ಅಪ್ಪ ಒಳಗೆ ಬಂದವರು ಮೆಟ್ಟಿಲ ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಡಬ್ಬಿ ಬಿಚ್ಚಿದರು. ನನಗೆ ಆಗಲೂ ಕಂಡದ್ದು ಒಂದೇ: ನನಗೆ ಅಷ್ಟೊಂದು ಮಾಡುತ್ತಿದ್ದರಾ, ಅವಳಿಗಾಗಿ ಮಾಡುತ್ತಿದ್ದಾರಲ್ಲ!

ಅಮ್ಮ ಅಂದು ಬೇಗ ಬಂದಿದ್ದಳು. ಮೇಲಿನ ಕೋಣೆಯಲ್ಲಿ ಅಪ್ಪ ಕೋಟನ್ನೂ ತೆಗೆಯದೆ ಮಂಚದ ಮೇಲೆ ಕೂತದ್ದನ್ನು ನೋಡಿದವಳೇ ನಾಡಿ ಹಿಡಿದಳು.

"ಏನ್ರೀ ಇದು, ಮುಖ ಬಿಳುಚಿಕೊಂಡಿದೆ? ಮಧ್ಯಾಹ್ನ ಊಟ ಮಾಡಿದ್ರೋ ಇಲ್ವೋ?"

"ಮಾಡ್ದೆ. ಗ್ರ್ಯಾಂಡಾಗಿದೀನಿ."

"ಗ್ರ್ಯಾಂಡಂತೆ ಗ್ರ್ಯಾಂಡು! ಕಂಡೋರ ಮಗೂಗೆ ಹಂಚ್ಕೊಂಡು ಕೂತಿರ್ತೀರ. ದಿನಾ ನಾಲ್ಕು ಚಪಾತಿ ಹಾಕಿಕೊಡ್ತೀನಿ, ಎಷ್ಟು ತಿಂದ್ರಿ ಇವತ್ತು?"

ಅಪ್ಪ ಅಮ್ಮನ ಮುಖ ನೋಡಿದರು.

"ನಾಲ್ಕಾ? ಒಂದೇ ಇತ್ತಲ್ಲೇ. ನಿಂಗೆ ಶಿಫ್ಟು, ಸುಸ್ತಾಗಿರತ್ತೆ, ಮಾಡಕ್ಕಾಗ್ತಿಲ್ಲವೇನೋ ಅಂತ ನಾನು ಕೇಳಲಿಲ್ಲ."

"ಒಂದು ಕೊಡ್ತೀನಾ ನಾನು? ಒಂದು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನನಗೆ ಗೊತ್ತಿಲ್ಲದೆ ಸ್ಕೂಲ್ ಬ್ಯಾಗಿನ ಮೇಲೆ ಹೋಯಿತು. ಅಮ್ಮ ಬ್ಯಾಗು ಎಳೆದುಕೊಂಡು ಸುರಿದಳು. ಪುಸ್ತಕಗಳ ಮಧ್ಯೆ ಹಸಿರು ಚುಕ್ಕೆಯ ಚೂರುಗಳು, ಎಣ್ಣೆಯ ಕಲೆ. ಎರಡು ಬಿಟ್ಟಳು ಬೆನ್ನಿಗೆ. ಯಾಕೆ ತೆಗೆದೆ, ಬಾಯಿ ಬಿಡು ಎಂದಳು. ನಾನು ಬಿಡಲಿಲ್ಲ. ಹೊಟ್ಟೆಕಿಚ್ಚು ಎಂದು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಅಪ್ಪ ಅಮ್ಮನ ಕೈ ಹಿಡಿದು ತಡೆದರು.

"ಹಸಿವಾಗಿ ತಿಂದ್ಯಾ ಪುಟ್ಟಿ? ತಿಂದಿದ್ರೆ ಪರವಾಗಿಲ್ಲ."

"ಇಲ್ಲ. ಹಕ್ಕಿಗೆ ಹಾಕ್ದೆ."

ಅಪ್ಪ ಸುರಿದ ಪುಸ್ತಕಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿದರು. ಆಮೇಲೆ, ಬೈಗುಳದ ದನಿಯಲ್ಲಲ್ಲ, ಪರೀಕ್ಷೆಯಲ್ಲಿ ಚೆನ್ನಾಗಿ ಮಾಡುತ್ತಾನೆ ಅಂದುಕೊಂಡ ಹುಡುಗ ಫೇಲಾದಾಗ ಕೇಳುವ ದನಿಯಲ್ಲಿ ಕೇಳಿದರು.

"ಇದೂ ಬೇಡವಾಯ್ತಾ ನಿಂಗೆ?"

ಆ 'ಇದೂ' ಅಂದದ್ದು ನನಗೆ ಅರ್ಥವಾಗಲಿಲ್ಲ. ಅನ್ನಕ್ಕೆ ಅವಮಾನ ಮಾಡಿದೆ ಎನ್ನುತ್ತಿದ್ದಾರೆ ಎಂದುಕೊಂಡು ಗೋಡೆಗೆ ತಿರುಗಿ ಅತ್ತೆ.

ಮಾರನೆಯ ದಿನ ಹಿಲ್ಡಾ ಅಜ್ಜಿ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡರು. ಹಲಗೆಯ ಮೇಲಿನ ಹಸಿರು ಚುಕ್ಕೆಯ ಚೂರುಗಳನ್ನು ಅವರು ಸೋಮವಾರವೇ ನೋಡಿದ್ದರಂತೆ. ಬೈಯಲಿಲ್ಲ. ಬ್ರೆಡ್ಡು ಎದೆಗೆ ಅವಚಿಕೊಂಡು ಕೊಯ್ಯುತ್ತಲೇ ಹೇಳಿದರು.

"ನಮ್ಮಪ್ಪನಿಗೆ ಹೊಟ್ಟೆ ತುಂಬಿ ಉಳೀತು, ಅದಕ್ಕೆ ತರ್ತಾರೆ ಅಂತ ನಾವು ಮಕ್ಕಳೆಲ್ಲ ತಿಳ್ಕೊಂಡಿದ್ವಿ. ದೊಡ್ಡವಳಾದ ಮೇಲೆ ಅಮ್ಮ ಹೇಳಿದ್ರು, ಒಂದು ದಿನವೂ ಅವರಿಗೆ ಹೊಟ್ಟೆ ತುಂಬಿರಲಿಲ್ಲ ಅಂತ. ಮೊಲವನ್ನ ಯಾಕೆ ತಂದ್ರು ಗೊತ್ತಾ ಆ ಮಾತಿಗೆ? ಅಪ್ಪನ ಬಾಯಿಂದ ತೆಗೆದದ್ದು ಅಂತ ಗೊತ್ತಾದ್ರೆ ಮಗು ತಿನ್ನಲ್ಲ. ಮೊಲದ್ದು ಅಂದ್ರೆ ತಿನ್ನತ್ತೆ."

ಅಂದು ಸಂಜೆ ಅಪ್ಪನ ಡಬ್ಬಿ ಖಾಲಿ ಬಂತು. ಪೂರ್ತಿ ತಿಂದು ಬರಬೇಕೆಂದು ಅಮ್ಮ ತಾಳಿ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಳು. ಲೇನಾ ಡಬ್ಬಿಯೊಳಗೆ ನೋಡಿದಳು, ಮೇಲೆ ಕಟಕಟೆಯ ಕಡೆ ನೋಡಿದಳು, ಏನೂ ಕೇಳದೆ ಒಳಗೆ ಹೋದಳು. ನಾನು ಬಯಸಿದ್ದು ನಡೆದಿತ್ತು, ಯಾರಿಗೂ ಇಲ್ಲ. ಆಮೇಲೆ ಆ ಮನೆಯಲ್ಲಿ ಇನ್ನೂ ಒಂದು ವರ್ಷ ಇದ್ದೆವು. ಮೊಲದ ರೊಟ್ಟಿ ಮತ್ತೆ ಬರಲಿಲ್ಲ, ನಾನೂ ಕೇಳಲಿಲ್ಲ.

ಅಮ್ಮನಿಗೆ ಆಗ ಎಷ್ಟು ವಯಸ್ಸೋ ಅದನ್ನು ನಾನೀಗ ದಾಟಿದ್ದೇನೆ. ನನಗೊಬ್ಬಳು ಮಗಳಿದ್ದಾಳೆ, ನಾನು ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುತ್ತಾಳೆ. ಅಪ್ಪ ಅಮ್ಮ ನಮ್ಮ ಜೊತೆಯಲ್ಲೇ ಇದ್ದಾರೆ, ಅದೇ ಕ್ಯಾಸಲ್‌ನಾಕ್‌ನಲ್ಲಿ. ಹೋದ ಚಳಿಗಾಲದಲ್ಲಿ ಹಿಲ್ಡಾ ಅಜ್ಜಿ ತೀರಿಕೊಂಡರು. ಮನೆ ಖಾಲಿ ಮಾಡುವ ದಿನ ಬಂದು ಬೇಕಾದದ್ದೇನಾದರೂ ತೆಗೆದುಕೋ ಎಂದು ಲೇನಾ ಫೋನ್ ಮಾಡಿದಳು. ಅವಳು ಈಗ ಗಾಲ್ವೇಯಲ್ಲಿ ಟೀಚರು. ಅಪ್ಪನಿಗೆ ಮಂಡಿನೋವು, ಬರಲಾಗಲಿಲ್ಲ. ಕೇಳಿದೆ ಅಂತ ಹೇಳು ಲೇನಾಗೆ, ಎಂದರು. ಅದಕ್ಕೂ ನನಗೆ ಒಂಚೂರು ಚುರ್ರೆಂದಿತು ಎಂದರೆ ನೀವು ನಗುತ್ತೀರಿ.

ಅಡುಗೆಮನೆಯ ಕಪಾಟು ಖಾಲಿಯಾಗಿತ್ತು, ಎಡಗಡೆಯೂ ಬಲಗಡೆಯೂ. ನಾನು ಬ್ರೆಡ್ ಚಾಕು ತೆಗೆದುಕೊಂಡೆ. ಕೆಲಸ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅವಳು ಎರಡನೆಯದರ ಮೇಲೆ, ನಾನು ಮೂರನೆಯದರ ಮೇಲೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಆಗ ಕೇಳಿಬಿಟ್ಟೆ.

"ದಿನಾ ಸಂಜೆ ನಮ್ಮಪ್ಪ ನಿನ್ನ ಕಿವೀಲಿ ಏನು ಹೇಳ್ತಿದ್ರೇ?"

ಲೇನಾಳ ಮುಖ ಕೆಂಪಾಯಿತು. ಕೈಬೆರಳು ನೋಡಿಕೊಂಡಳು.

"ಆ ಅರ್ಧವನ್ನ ಎರಡು ತುಂಡು ಮಾಡಿ ಕೊಡ್ತಿದ್ರು. 'ಒಂದು ನಿಂದು, ಒಂದು ಪುಟ್ಟಿದು, ಅವಳಿಗೆ ನನ್ನ ಮೇಲೆ ಕೋಪ, ನೀನು ತಗೊಂಡು ಹೋದ್ರೆ ಇಸ್ಕೋತಾಳೆ, ಮೇಲೆ ಹೋಗಿ ಕೊಟ್ಬಾ' ಅಂತ."

ನಾನು ತಿರುಗಿ ಮೇಲಿನ ಕಟಕಟೆಯ ಕಡೆ ನೋಡಿದೆ.

"ನಾನು ಒಂದು ದಿನವೂ ಮೇಲೆ ಬರಲಿಲ್ಲ, ಸಿಂಧು. ಎರಡೂ ನಾನೇ ತಿಂದೆ. ಮಾರನೇ ದಿನ ಅವರು ಬಂದು ಮೊದಲು ಕೇಳ್ತಿದ್ದದ್ದೇ ಅದು, ನಿನ್ನೆ ಪುಟ್ಟಿ ಏನಂದ್ಲು ಅಂತ. ನಾನು 'ಬೇಡ' ಅಂತಿದ್ದೆ. ನೀನು ಕಿರುಚಿದ್ದೆಯಲ್ಲ, ಆ ಮಾತು ಬರ್ತಿತ್ತು ನನಗೆ. ನಿಂಗೆ ದಿನಾ ಆ ಬಾಗಿಲು ತೆಕ್ಕೊಂಡು ಒಳಗೆ ಬರೋ ಅಪ್ಪ ಇದ್ರು. ಅದಕ್ಕೇ ನಂಗೆ ನಿನ್ನ ಮೇಲೆ ಎಷ್ಟು ಹೊಟ್ಟೆ ಉರೀತಿತ್ತು ಅಂದ್ರೆ, ನಿನ್ನ ತುಂಡನ್ನೇ ಮೊದಲು ತಿಂತಿದ್ದೆ."

ಹೊಟ್ಟೆಕಿಚ್ಚಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದೆ. ಮೀರಿಸಿದವಳು ನನ್ನ ಕೆಳಗಿನ ಮೆಟ್ಟಿಲಲ್ಲೇ ಕೂತಿದ್ದಳು. ಬೈಯಬೇಕೆಂದು ಬಾಯಿ ತೆರೆದೆ, ನಗು ಬಂತು, ನಗುತ್ತಲೇ ಅಳು ಬಂತು. ಅಪ್ಪನ 'ಇದೂ ಬೇಡವಾಯ್ತಾ' ಎಂಬ ಮಾತು ಆ ಮಂಚ, ಆ ಬಿಚ್ಚದ ಕೋಟಿನ ಸಮೇತ ಎದುರಿಗೆ ಬಂದು ನಿಂತಿತು.

ಲೇನಾ ಬ್ಯಾಗಿಗೆ ಕೈ ಹಾಕಿ, ಬೆಣ್ಣೆ ಕಾಗದದಲ್ಲಿ ಸುತ್ತಿದ್ದ ಒಂದು ತುಂಡು ಹೊರತೆಗೆದಳು. ಕಂದು ಬ್ರೆಡ್ಡು, ನಡುವೆ ಚೀಸು. ಬೆಳಗ್ಗೆ ಗಾಲ್ವೇಯಿಂದ ರೈಲಿಗೆಂದು ಕಟ್ಟಿಕೊಂಡದ್ದು, ತಿನ್ನುವ ಮೊದಲೇ ಅರ್ಧ ತೆಗೆದಿಟ್ಟಿದ್ದಳಂತೆ.

"ಮೊಲ ಕೊಡ್ತು," ಎಂದಳು. "ತಡ ಆಯ್ತು."

ಅಂಚುಗಳು ಒಣಗಿ ಮೇಲೆದ್ದಿದ್ದವು. ಮೂರನೆಯ ಮೆಟ್ಟಿಲ ಮೇಲೆ ಕೂತು ಪೂರ್ತಿ ತಿಂದೆ. ಅವಳಿಗೆ ಒಂದು ಚೂರೂ ಕೊಡಲಿಲ್ಲ. ಅವಳೂ ಕೇಳಲಿಲ್ಲ.

ಮನೆಗೆ ಬಂದಾಗ ಅಪ್ಪ ಕಿಟಕಿಯ ಹತ್ತಿರ ನನ್ನ ಮಗಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದರು. ತಲೆಯೆತ್ತಿದರು.

"ಸಿಕ್ಕಿದ್ಲಾ ಲೇನಾ? ಹೇಗಿದಾಳೆ?"

"ಚೆನ್ನಾಗಿದಾಳೆ. ಮೊಲದ ರೊಟ್ಟಿ ತಂದಿದ್ಲು ಅಪ್ಪ, ನಂಗೆ ಅಂತ."

ಅಪ್ಪ ಪೆನ್ಸಿಲು ಕೆಳಗಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ಈ ಸಲ ಇಸ್ಕೊಂಡ್ಯಾ ಪುಟ್ಟಿ?"

ಅವಳು ಮೇಲೆ ಬರಲೇ ಇಲ್ಲ ಅಪ್ಪ, ಒಂದು ದಿನವೂ ಬರಲಿಲ್ಲ, ನಾನು ಬೇಡ ಅಂದದ್ದು ಒಂದೇ ಸಲ ಎಂಬುದೆಲ್ಲ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಲೇನಾ ಅವರ ಪಾಲಿಗೆ ಕಳ್ಳಿಯಾಗುತ್ತಿದ್ದಳು.

"ಇಸ್ಕೊಂಡೆ ಅಪ್ಪ," ಎಂದೆ. "ಅಲ್ಲೇ ಕೂತು ತಿಂದೆ."